ನಿಪ್ಪಾಣಿಯ ತಂಬಾಕು, ಎರಡು ಮಾತು

ಪ್ರಶ್ನೆ: ನಿಪ್ಪಾಣಿಯಲ್ಲಿ ಕನ್ನಡ, ಮರಾಠಿ ಜನ ಯಾವತ್ತಾದರೂ ಒಂದಾಗಿದ್ದರಾ?
– ಓದುಗರು, ಗದಗ

ಉತ್ತರ: ಖಂಡಿತ ಇದ್ದರು. ನಾನು ಅಲ್ಲೇ ಬೆಳೆದವಳು. ಅವ್ವ ಬೀಡಿ ಕಟ್ಟುತ್ತಿದ್ದಳು. ತೊಡೆಯ ಮೇಲೆ ಮೊರ, ಅದರಲ್ಲಿ ಎಲೆ, ಕತ್ತರಿ, ತಂಬಾಕಿನ ಪುಡಿ. ಪಕ್ಕದಲ್ಲೇ ಮರಾಠಿ ಕಾಕು. ಇಬ್ಬರ ಮಾತೂ ಅರ್ಧ ಕನ್ನಡ, ಅರ್ಧ ಮರಾಠಿ. ಬೆರಳು ಮಾತ್ರ ನಿಲ್ಲುತ್ತಿರಲಿಲ್ಲ.

1956ರಲ್ಲಿ ನಮ್ಮ ಊರು ಮುಂಬೈ ರಾಜ್ಯದಿಂದ ಮೈಸೂರಿಗೆ ಸೇರಿತು. ಆಮೇಲೆ ಗಡಿ ಜಗಳ ಜಾಸ್ತಿಯಾಯಿತು, ನಿಜ. ಆದರೆ 1981ರಲ್ಲಿ ತಂಬಾಕಿಗೆ ನ್ಯಾಯವಾದ ಬೆಲೆ ಬೇಕೆಂದು ಎರಡೂ ಮಾತಿನ ರೈತರು, ರೈತ ನಾಯಕ ಶರದ್ ಜೋಶಿ ಜೊತೆ ಹೆದ್ದಾರಿಯಲ್ಲಿ ಕೂತರು. ವ್ಯಾಪಾರಿ ಹೇಳಿದ್ದೇ ದರ ಅಂದರೆ ಎರಡೂ ಮನೆಯ ಒಲೆಗೂ ಪೆಟ್ಟು, ಅಲ್ವಾ? ಏಪ್ರಿಲ್‌ನಲ್ಲಿ ಗೋಲಿಬಾರ್ ಆಯಿತು, ರೈತರು ಸತ್ತರು. ಆ ರಾತ್ರಿ ಅವ್ವ ಮೊರ ಮುಟ್ಟಲಿಲ್ಲ. ಕಾಕು ಬಂದು ನಮ್ಮ ಕಟ್ಟೆ ಮೇಲೆ ಸುಮ್ನೆ ಕೂತಿದ್ದರು.