ಅವ್ವನ ಕೀಮೊ, ಬಿಪಿಎಲ್ ಕಾರ್ಡ್ ಮತ್ತ ಖರ್ಚು

ಪ್ರಶ್ನೆ: ಅವ್ವಗ 72, ಸ್ತನ ಕ್ಯಾನ್ಸರ್. ಬಿಪಿಎಲ್ ಕಾರ್ಡ್ ಐತಿ, ಆದ್ರೂ ಟೆಸ್ಟಿಗೇ ಕೈಯಿಂದ ರೊಕ್ಕ ಹೊಂಟೈತಿ. ಯಾಕ್ರೀ? — ಓದುಗರೊಬ್ಬರು, ಇಂಡಿ, ವಿಜಯಪುರ ಜಿಲ್ಲೆ

ಉತ್ತರ: ನೋಡ್ರಿ, ಸರ್ಕಾರದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಾಗ ಬಿಪಿಎಲ್ ಕುಟುಂಬಕ್ಕ ಚಿಕಿತ್ಸೆಗೆ ವರ್ಷಕ್ಕ 5 ಲಕ್ಷ ಐತಿ ಖರೆ, ಆದ್ರ ಅದು ಇಡೀ ಮನಿ ಮಂದಿಗೆ ಸೇರಿ, ಮತ್ತ ಅಡ್ಮಿಟ್ ಆದಾಗ ಇಲ್ಲಾ ಡೇ-ಕೇರ್‌ನಾಗ ಕೀಮೊ ತಗೊಂಡಾಗ ಪ್ಯಾಕೇಜ್ (ಒಂದೊಂದು ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ರೊಕ್ಕ) ಲೆಕ್ಕದಾಗ ದವಾಖಾನಿಗೆ ಹೋಗ್ತೈತಿ, ಅಡ್ಮಿಟ್ ಆಗದ ಸುಮ್ನ ಓಪಿಡಿಗೆ ಬಂದು ಸ್ಕ್ಯಾನ್ ಮಾಡಿಸಿದ್ರ ಸಾಮಾನ್ಯವಾಗಿ ಅದರಾಗ ಬರಂಗಿಲ್ಲ. ಪೆಟ್ಟು ಬೀಳೋದು ಇಲ್ಲೇ. ಎಪಿಎಲ್‌ನವರದು ಇನ್ನೂ ಕಷ್ಟ, ಸರ್ಕಾರ ಕೊಡೋದು ಪ್ಯಾಕೇಜಿನ 30% ಅಷ್ಟ, ಅದೂ ವರ್ಷಕ್ಕ 1.5 ಲಕ್ಷದೊಳಗ.

ಮೊದ್ಲ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ತಗೋರಿ, ಆಮ್ಯಾಲೆ ಆರೋಗ್ಯಮಿತ್ರರ (ದವಾಖಾನಿಯಾಗ ಈ ಯೋಜನೆ ಬಗ್ಗೆ ಸಹಾಯ ಮಾಡೋ ಸಿಬ್ಬಂದಿ) ಹತ್ರ ಕುಂತು ಯಾವ ಟೆಸ್ಟ್ ಪ್ಯಾಕೇಜಿನಾಗ ಐತಿ, ಯಾವ್ದು ಇಲ್ಲ ಅಂತ ಮುಂಗಡನ ಕೇಳ್ರಿ, ನಾಚ್ಕೋಬ್ಯಾಡ್ರಿ. 70 ದಾಟಿದವ್ರಿಗೆ ಆದಾಯ ನೋಡದ 5 ಲಕ್ಷ ಅಂತ ಕೇಂದ್ರ 2024ರ ಅಕ್ಟೋಬರ್‌ನಾಗ ವಯ ವಂದನಾ ಕಾರ್ಡ್ ತಂದೈತಿ, ಅದು ನೀವು ಹೋಗೋ ದವಾಖಾನಿಯಾಗ ನಡೀತೈತೇನು ಅಂತನೂ ಅವರನ್ನ ಕೇಳ್ರಿ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗೋದಾದ್ರ ಗೋಲಗುಂಬಜ್ ಎಕ್ಸ್‌ಪ್ರೆಸ್‌ನ ಸ್ಲೀಪರ್‌ನಾಗ ಕ್ಯಾನ್ಸರ್ ರೋಗಿಗೆ ಟಿಕೆಟ್ ಪೂರ್ತಿ ಮಾಫಿ, ಜೊತಿಗಿರೋರಿಗೆ 75% ರಿಯಾಯಿತಿ, ಇದು ಭಾಳ ಮಂದಿಗೆ ಗೊತ್ತೇ ಇಲ್ಲ. ಡಾಕ್ಟರ್ ಕಡಿಂದ ರೈಲ್ವೆ ಫಾರ್ಮ್ ಬರಸ್ಕೋರಿ.