ಚರ್ಚ್‌ನ ಆ ಸಭೆಗೆ ನಾವೂ ಹೋಗಬೇಕಾ?

ತಂಗೀ, ಮೇರಿಲ್ಯಾಂಡ್‌ಗೆ ಕೆಲಸಕ್ಕೆ ಬರುತ್ತಿದ್ದೀಯಲ್ಲ, ಸಂತೋಷ. ಬಾಡಿಗೆ, ಚಳಿ, ಊಟ ಎಲ್ಲ ಕೇಳಿದ್ದೀಯ. ಕೊನೆಗೆ, "ಅಲ್ಲಿನ ಚರ್ಚ್‌ನಲ್ಲಿ ಕರಿಯರು ಬಿಳಿಯರ ವಿಷಯಕ್ಕೆ ಸಭೆ ನಡೆಯುತ್ತದಂತೆ, ನಾವು ಅದಕ್ಕೆಲ್ಲ ಹೋಗಬೇಕಾ ಅಣ್ಣಾ?" ಅಂತ.

ಬಾಡಿಗೆ ಜಾಸ್ತಿ, ಮೊದಲು ಯಾರ ಜೊತೆಗಾದರೂ ಇರು. ಕೋಟು ಇಲ್ಲೇ ತಗೋ. ಕುಚ್ಚಲಕ್ಕಿ ಸಿಗುತ್ತದೆ. ಬಫಾತ್ ಮಸಾಲೆ ಪುಡಿ ಮಾತ್ರ ಅಮ್ಮ ಮಾಡಿದ್ದೇ ತಾ.

ಇನ್ನು ಸಭೆಯ ವಿಷಯ. ನಾನು ಬಂದ ಹೊಸತರಲ್ಲಿ ನಮ್ಮವರೇ ಪ್ರೀತಿಯಿಂದ ಹೇಳಿದ್ದರು, "ಆ ಕಡೆ ಮನೆ ಮಾಡಬೇಡ, ಅಲ್ಲಿ ಕರಿಯರು ಜಾಸ್ತಿ." ಸಭೆಗೆ ಕರೆದರೆ, "ನಾವು ಮೊನ್ನೆ ಬಂದವರು, ನಮಗೂ ಅದಕ್ಕೂ ಏನು ಸಂಬಂಧ?" ನಿನಗೂ ಇದನ್ನೇ ಹೇಳುತ್ತಾರೆ.

ನೀನು ಮಂಗಳೂರಿನ ಅಲೋಶಿಯಸ್ ಕಾಲೇಜಿನಲ್ಲಿ ಓದಿದವಳು, ಅಲ್ವಾ? 1880ರಲ್ಲಿ ಅದನ್ನು ಶುರು ಮಾಡಿದ್ದು ಯೇಸುಸಭೆಯ, ಅಂದರೆ ಜೆಸ್ವಿಟ್ ಸಂಘದ, ಪಾದ್ರಿಗಳು. ಅದೇ ಯೇಸುಸಭೆಯ ಮೇರಿಲ್ಯಾಂಡ್ ಪಾದ್ರಿಗಳು 1838ರಲ್ಲಿ ತಮ್ಮ ತೋಟಗಳ 272 ಗುಲಾಮರನ್ನು ಲೂಯಿಸಿಯಾನದವರಿಗೆ ಮಾರಿದರು. ಆ ಹಣದ ಒಂದು ಪಾಲು ಅವರದೇ ಜಾರ್ಜ್‌ಟೌನ್ ಕಾಲೇಜಿನ ಸಾಲಕ್ಕೆ ಹೋಯಿತು. ಮಾರಿದವರೂ ಕಥೋಲಿಕರು, ಮಾರಿಹೋದವರಲ್ಲಿ ಎಷ್ಟೋ ಜನರೂ ಕಥೋಲಿಕರು! 2017ರಲ್ಲಿ ಅವರ ವಂಶದವರ ಎದುರು ನಿಂತು ಯೇಸುಸಭೆ ಕ್ಷಮೆ ಕೇಳಿತು. 2021ರಲ್ಲಿ 10 ಕೋಟಿ ಡಾಲರ್ ಒದಗಿಸುವ ಮಾತು ಕೊಟ್ಟಿತು. ನಮ್ಮ ಚರ್ಚ್‌ನ ಸಭೆಯಲ್ಲಿ ಒಮ್ಮೆ ಮಾರಿಹೋದವರ ಪಟ್ಟಿ ಓದಿದರು. ಮೊದಲ ಹೆಸರು ಐಸಾಕ್. ಹೆಸರು, ವಯಸ್ಸು, ಹೆಸರು, ವಯಸ್ಸು. ಕೈಗೂಸುಗಳೂ ಇದ್ದವು.

ನಮ್ಮಂಥವರಿಗೆ ಈ ದೇಶದ ಬಾಗಿಲು ತೆರೆದದ್ದು 1965ರ ವಲಸೆ ಕಾನೂನು. ಕಪ್ಪು ಜನ ಹಕ್ಕಿಗಾಗಿ ಬೀದಿಗಿಳಿಯದಿದ್ದರೆ ಅದು ಆಗ ಬರುತ್ತಿತ್ತು ಅಂತ ನನಗನ್ನಿಸುವುದಿಲ್ಲ.

ಆ ಪಟ್ಟಿ ಓದಿದ ದಿನ ಕಾಫಿ ಹೊತ್ತಿಗೆ ಕಪ್ಪು ಅಜ್ಜಿಯೊಬ್ಬರು ಪಕ್ಕದಲ್ಲಿ ಕೂತರು. ಚಿಕ್ಕವರಿದ್ದಾಗ ಅವರಿಗೆ ಹಿಂದಿನ ಬೆಂಚು, ಬಿಳಿಯರದೆಲ್ಲ ಆದ ಮೇಲೆ ಪರಮಪ್ರಸಾದ. "ನಿಮ್ಮೂರಲ್ಲಿ ಎಲ್ಲರೂ ಒಟ್ಟಿಗೆ ಕೂರುತ್ತೀರಾ?" ಅಂತ ಕೇಳಿದರು. ಕೂರುತ್ತೇವೆ, ಆದರೆ ಮದುವೆ ಮಾತು ಬಂದರೆ ಬಾಮಣರಾ, ಚಾರೊಡಿಯಾ ಅಂತ ಮೆಲ್ಲಗೆ ಜಾತಿ ವಿಚಾರಿಸುತ್ತೇವೆ ಅಂದೆ. ಅಜ್ಜಿ ನನ್ನ ತೋಳು ತಟ್ಟಿ, "ಹಾಗಾದರೆ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ" ಅಂದರು.

ಸಿಟ್ಟು ಬಂದದ್ದು ನಮ್ಮವರಿಗೆ. ಊರ ವಿಷಯ ಪರರ ಮುಂದೆ ಯಾಕೆ ಬಿಚ್ಚಿದೆ ಅಂತ. ಕೆಲವು ಮನೆಯವರು ತೆನೆಹಬ್ಬದ ಊಟಕ್ಕೆ ಕರೆಯುವುದನ್ನೇ ಬಿಟ್ಟರು. ನಾನು ಹೇಳಿದ್ದು ಸರಿ, ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಆದರೂ ಆ ಹಬ್ಬದ ದಿನ, ಸೆಪ್ಟೆಂಬರ್ 8ರಂದು, ಐದು ಬಗೆ ತರಕಾರಿ ನಾನೊಬ್ಬನೇ ಬೇಯಿಸಿ ಒಬ್ಬನೇ ಉಣ್ಣುವಾಗ ಊರು ತುಂಬಾ ನೆನಪಾಗುತ್ತದೆ.

ಅದಕ್ಕೇ, ಹೋಗು. ಮೊದಮೊದಲು ಸುಮ್ನೆ ಕೂತು ಕೇಳು. ಅವರು ತಮ್ಮ ಕಷ್ಟ ಹೇಳುವಾಗ "ನಮ್ಮನ್ನೂ ಬ್ರಿಟಿಷರು ಆಳಿದ್ದರು" ಅಂತ ನಡುವೆ ಬಾಯಿ ಹಾಕಬೇಡ, ನಮ್ಮವರಿಗೆ ಆ ಚಟ ಇದೆ. ವೀಸಾ ಹೊಸದು, ಮೆರವಣಿಗೆಗೆ ಅವಸರ ಬೇಡ. ಸಭೆ ಮುಗಿಯುವಾಗ ಕತ್ತಲಾಗಿರುತ್ತದೆ, ಬಸ್ಸು ಕಡಿಮೆ. ಮೊದಲೇ ಮೆಸೇಜ್ ಹಾಕು, ಕಾರಿನಲ್ಲಿ ಬಿಡುತ್ತೇನೆ.