ಮೇಳವೋ, ಬ್ಯಾಂಕೋ?

ಪ್ರಶ್ನೆ: ಮಾಸ್ತರೇ, ನಮಸ್ಕಾರ. ನನಗೆ 23 ವರ್ಷ. ಬಿ.ಕಾಂ. ಆಗಿದೆ. ಎಂಟನೇ ಕ್ಲಾಸಿನಿಂದ ಯಕ್ಷಗಾನದ ಭಾಗವತಿಕೆ, ಅಂದರೆ ಪದ ಹಾಡುವುದನ್ನು, ಕಲಿಯುತ್ತಿದ್ದೇನೆ. ಈ ವರ್ಷ ಎರಡು ಕರೆ ಒಟ್ಟಿಗೇ ಬಂದಿವೆ. ಬ್ಯಾಂಕ್ ಕ್ಲರ್ಕ್ ಪರೀಕ್ಷೆ ಪಾಸಾಗಿದೆ. ದಸರಾ ಕಳೆದ ಮೇಲೆ ಕೆಲಸಕ್ಕೆ ಸೇರಬೇಕು. ಇನ್ನೊಂದು ಕಡೆ, ಬಡಗುತಿಟ್ಟಿನ (ಉತ್ತರದ ಶೈಲಿಯ) ಒಂದು ಹರಕೆ ಮೇಳದ ಯಜಮಾನರು ಸಂಗೀತಗಾರನಾಗಿ (ಕಿರಿಯ ಭಾಗವತನಾಗಿ) ಬಾ ಎಂದಿದ್ದಾರೆ. ದಿನಕ್ಕೆ 800 ರೂಪಾಯಿ ಮಾತು. ನವರಾತ್ರಿಯೊಳಗೆ ಹೇಳಬೇಕು. ಅಪ್ಪ ಇಲ್ಲ. ಅಮ್ಮ ಗೇರುಬೀಜದ ಕಾರ್ಖಾನೆಗೆ ಹೋಗುತ್ತಾರೆ. ತಂಗಿ ಡಿಗ್ರಿ ಎರಡನೇ ವರ್ಷ. ಸೊಸೈಟಿ ಸಾಲಕ್ಕೆ ತಿಂಗಳಿಗೆ 4,500 ಕಟ್ಟಬೇಕು. 'ಪದ ಹೇಳಿದ್ರೆ ಹೊಟ್ಟೆ ತುಂಬುತ್ತಾ? ಬ್ಯಾಂಕಲ್ಲಿದ್ದು ಶನಿವಾರ ರಾತ್ರಿ ಹೇಳ್ಕೋ' ಅಂತಾರೆ ಮಾವ. ಅಮ್ಮ ಏನೂ ಹೇಳುವುದಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಲ್ಲ, ಹಾಗಾಗಿ ನಾನು ರಂಗಸ್ಥಳದಲ್ಲಿ ಹೇಳಿದ್ದನ್ನು ಅವರು ಇದುವರೆಗೆ ಕೇಳಿಲ್ಲ. ಏನು ಮಾಡಲಿ? (ಹೆಸರು ಬೇಡ, ಬೈಂದೂರು ತಾಲ್ಲೂಕು)

ಉತ್ತರ: ತಮ್ಮಾ, ನೀನು ನನ್ನ ಮಗನಿಗಿಂತ ಚಿಕ್ಕವನು. ಏಕವಚನದಲ್ಲೇ ಬರೆಯುತ್ತೇನೆ. ನಿನ್ನ ಪತ್ರವನ್ನು ಮೂರು ಸಲ ಓದಿದೆ. ಎರಡನೇ ಸಲ ಓದುವಾಗ ಕೈ ನಡುಗಿತು. ಯಾಕೆಂದರೆ 1983ರಲ್ಲಿ ನಾನೂ ಇದೇ ಜಾಗದಲ್ಲಿ ನಿಂತಿದ್ದೆ. ಆಗ ನನಗೆ 21. ಒಂದು ಮೇಳದಲ್ಲಿ ಮದ್ದಳೆಗೆ ಕೂತು ಒಂದು ತಿರುಗಾಟ (ಒಂದು ವರ್ಷದ ಸಂಚಾರ) ಮುಗಿಸಿದ್ದೆ. ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ಕಳೆದು ಮನೆಗೆ ಬಂದರೆ ಅಂಚೆ ಇಲಾಖೆಯ ಆರ್ಡರ್ ಬಂದು ಕೂತಿತ್ತು. ಅಪ್ಪ ಅದನ್ನು ದೇವರ ಮುಂದೆ ಇಟ್ಟಿದ್ದರು. ನಾನು ಅಂಚೆ ಕಚೇರಿಗೆ ಹೋದೆ.

ಅದರಿಂದ ನನಗೆ ಸಿಕ್ಕಿದ್ದು ಕಡಿಮೆಯಲ್ಲ. ಇಬ್ಬರು ತಂಗಿಯರ ಮದುವೆ ಆಯಿತು. ಮನೆಗೆ ಹಂಚು ಹೋಗಿ ತಾರಸಿ ಬಂತು. ಈಗ ಪಿಂಚಣಿ ಬರುತ್ತಿದೆ. ಆ ಕೆಲಸವನ್ನು ನಾನು ಪ್ರೀತಿಯಿಂದಲೇ ಮಾಡಿದೆ. ಮನಿ ಆರ್ಡರ್ ಕಾಯುತ್ತಿದ್ದ ಮುದುಕಿಯರ ಮುಖ ಇನ್ನೂ ನೆನಪಿದೆ.

ಆದರೆ ಮಾವ ಹೇಳಿದ 'ಶನಿವಾರ ರಾತ್ರಿ'ಯ ಮಾತು ಇದೆಯಲ್ಲ, ಅದನ್ನೇ ನನ್ನ ಅಪ್ಪನೂ ಹೇಳಿದ್ದರು. ನಾನು ನಂಬಿದ್ದೆ. ಕೆಲಸಕ್ಕೆ ಸೇರಿ ನಾಲ್ಕು ವರ್ಷ ರಜೆ ದಿನ, ಹಬ್ಬದ ದಿನ ಸಂಘದ ಆಟಗಳಿಗೆ (ಯಕ್ಷಗಾನ ಪ್ರದರ್ಶನಗಳಿಗೆ) ಬಾರಿಸಿದೆ. ಚೆನ್ನಾಗಿಯೇ ಬಾರಿಸುತ್ತೇನೆ ಅಂದುಕೊಂಡಿದ್ದೆ. ಒಂದು ರಾತ್ರಿ ಹಳೇ ಮೇಳದ ಮದ್ದಳೆಗಾರರಿಗೆ ಜ್ವರ ಬಂತು. ಹೇಳಿ ಕಳಿಸಿದರು. ಖುಷಿಯಿಂದ ಹೋಗಿ ಕೂತೆ. ಬೆಳಗಿನ ಜಾವ ಮೂರೂವರೆ. ಯುದ್ಧದ ಸನ್ನಿವೇಶ, ಏರು ಪದ. ನನ್ನ ಕೈ ಹಿಂದೆ ಬಿತ್ತು. ತಪ್ಪಲಿಲ್ಲ, ಹಿಂದೆ ಬಿತ್ತು ಅಷ್ಟೇ. ಭಾಗವತರು ನನ್ನ ಕಡೆ ನೋಡಲಿಲ್ಲ, ಏನೂ ಹೇಳಲಿಲ್ಲ. ನನಗೋಸ್ಕರ ಲಯವನ್ನು ಸ್ವಲ್ಪ ಇಳಿಸಿದರು. ಕುಣಿಯುತ್ತಿದ್ದ ವೇಷಧಾರಿ ಒಮ್ಮೆ ತಿರುಗಿ ನೋಡಿದರು. ನೋಡುವವರಲ್ಲಿ ಒಬ್ಬರಿಗೂ ಗೊತ್ತಾಗಿರಲಿಕ್ಕಿಲ್ಲ. ನನಗೆ ಗೊತ್ತಾಯಿತು. ಬೆಳಿಗ್ಗೆ ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ಭಾಗವತರು ಹೆಗಲ ಮೇಲೆ ಕೈ ಇಟ್ಟು 'ಚಾ ಕುಡಿದು ಹೋಗು' ಅಂದರು. ಕುಡಿಯಲು ಆಗಲಿಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ಕೆಲಸದಲ್ಲಿದ್ದುಕೊಂಡು ದೊಡ್ಡದಾಗಿ ಬೆಳೆಯಬಹುದಾದ ದಾರಿಯೂ ಯಕ್ಷಗಾನದಲ್ಲಿ ಇದೆ. ವೇಷ, ಕುಣಿತ ಇಲ್ಲದೆ ಪದ ಮತ್ತು ಮಾತಿನಲ್ಲೇ ನಡೆಯುವ ತಾಳಮದ್ದಳೆ ಅಂಥದ್ದು. ಕಾಲೇಜು ಮೇಷ್ಟ್ರುಗಳು, ವಕೀಲರು ಅಲ್ಲಿ ಪಾತ್ರದ ಮಾತು ಆಡುವ ದೊಡ್ಡ ಅರ್ಥಧಾರಿಗಳಾಗಿದ್ದಾರೆ. ಎಂ. ಪ್ರಭಾಕರ ಜೋಶಿಯವರು ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಆ ಎತ್ತರಕ್ಕೆ ಹೋದವರು. ಅರ್ಥಗಾರಿಕೆಗೆ ಓದು ಬೇಕು, ಮಾತು ಬೇಕು. ಅದು ಹಗಲಿನ ಕೆಲಸದ ಜೊತೆ ಬೆಳೆಯುತ್ತದೆ. ಹಾಡು, ಚೆಂಡೆ, ಮದ್ದಳೆಯ ಹಿಮ್ಮೇಳ ಹಾಗಲ್ಲ. ಗಂಟಲು, ಕೈ, ನಿದ್ದೆಗೆಟ್ಟ ಮೈ ಇವಕ್ಕೆ ಸಾಲಾಗಿ ರಾತ್ರಿಗಳು ಬೇಕು. ನವೆಂಬರಿನಿಂದ ಮೇ ತಿಂಗಳವರೆಗೆ ನೂರೆಂಬತ್ತರ ಹತ್ತಿರ ರಾತ್ರಿ. ಇವತ್ತು ತಪ್ಪಿದ್ದನ್ನು ನಾಳೆಯೇ ಸರಿ ಮಾಡಬೇಕು, ಮುಂದಿನ ಶನಿವಾರ ಅಲ್ಲ. ಜಿ.ಆರ್. ಕಾಳಿಂಗ ನಾವಡರು ಮೂವತ್ತು ತುಂಬುವ ಮೊದಲೇ ಕರಾವಳಿ ಪೂರ್ತಿ ಕಾದು ಕೂತು ಕೇಳುವ ಭಾಗವತರಾಗಿದ್ದರು. ಅಂಥ ಕಂಠ ಎಲ್ಲರಿಗೂ ಸಿಗುವುದಿಲ್ಲ, ನಿಜ. ಆದರೆ ಇರುವ ಕಂಠ ಮೇಳದಲ್ಲೇ ಹದಕ್ಕೆ ಬರಬೇಕು. ಅದಕ್ಕೆ ವಯಸ್ಸು ಇದೇ.

ಹಾಗಾಗಿ 'ಎರಡನ್ನೂ ಮಾಡಬಹುದು' ಎಂಬ ಮಾತನ್ನು ಬದಿಗಿಡು. ಬ್ಯಾಂಕಿಗೆ ಹೋದರೆ ಹವ್ಯಾಸಿ ಭಾಗವತ ಆಗುತ್ತೀಯ. ಅದೂ ಗೌರವದ ಬದುಕೇ, ನಾನು ಅದನ್ನೇ ಬದುಕಿದೆ. ಆದರೆ ಮೇಳದ ಭಾಗವತ ಆಗುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಅಂಚೆಯವನು ನಾನು, ಲೆಕ್ಕ ಬಿಟ್ಟು ಸಲಹೆ ಕೊಡಲಾರೆ.

ದಿನಕ್ಕೆ 800ರಂತೆ 180 ದಿನಕ್ಕೆ 1,44,000. ಸಾಲದ ಕಂತು ವರ್ಷಕ್ಕೆ 54,000. ಉಳಿದ 90,000ವನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 7,500. ಅಮ್ಮನ ಕೂಲಿ ಸೇರಿಸಿದರೂ ಕಷ್ಟವೇ. ತಂಗಿಯ ಫೀಸು ಅದರಲ್ಲೇ ಬರಬೇಕು. ಬ್ಯಾಂಕಿನಲ್ಲಾದರೆ ಕ್ಲರ್ಕ್‌ನ ಮೂಲ ವೇತನವೇ 24,050ರಿಂದ ಶುರು, ಮೇಲೆ ಭತ್ಯೆಗಳು. ಇವೆರಡರ ಅಂತರ ದೊಡ್ಡದು. ಅದನ್ನು ಮನೆಯವರ ಮುಂದೆ ಮುಚ್ಚಬೇಡ. ಮಳೆಗಾಲಕ್ಕೆ ಏನು ಮಾಡುತ್ತೀಯ ಎನ್ನುವುದನ್ನೂ ಈಗಲೇ ಯೋಚಿಸು. ಚಿಕ್ಕಮೇಳದಲ್ಲಿ ಮನೆಮನೆಗೆ ಹೋಗುವವರಿದ್ದಾರೆ, ಬೆಂಗಳೂರು, ಮುಂಬೈ ಕಾರ್ಯಕ್ರಮಗಳಿಗೆ ಹೋಗುವವರಿದ್ದಾರೆ. ಹೊಸಬನಿಗೆ ಮೊದಲ ವರ್ಷವೇ ಅದೆಲ್ಲ ಸಿಗುತ್ತದೆ ಎಂದು ನಂಬಬೇಡ. ನೀನು ಬಿ.ಕಾಂ. ಓದಿದ್ದೀಯ. ಆ ಆರು ತಿಂಗಳು ಯಾರದ್ದಾದರೂ ಅಂಗಡಿಯ ಲೆಕ್ಕ ಬರೆಯಬಹುದು.

ನಿನ್ನ ಕೈಯಲ್ಲಿರುವ ಒಳ್ಳೆಯದು ಎರಡು. ಒಂದು, ನಿನಗೆ ಬಂದಿರುವುದು ಹರಕೆ ಮೇಳ. ಡೇರೆ ಮೇಳದ ಹಾಗೆ ಟಿಕೆಟ್ ಮೇಲೆ ನಿಂತದ್ದಲ್ಲ. ಆಟ ಆಡಿಸುವವರು ಹರಕೆ ಹೊತ್ತು ಕಾಯುತ್ತಿರುತ್ತಾರೆ. ಮಂದಾರ್ತಿ ದೇವಸ್ಥಾನದ ಮೇಳದಂಥ ಕಡೆ ಎಷ್ಟೋ ವರ್ಷ ಮುಂದಿನ ದಿನಗಳೂ ಬುಕ್ ಆಗಿರುತ್ತವೆ. ಎರಡು, ಕ್ಲರ್ಕ್ ಪರೀಕ್ಷೆ ಪ್ರತಿ ವರ್ಷ ನಡೆಯುತ್ತದೆ. ವಯಸ್ಸಿನ ಮಿತಿ 28, ಹಿಂದುಳಿದ ವರ್ಗದವನಾದರೆ ಇನ್ನೂ 3 ವರ್ಷ ಜಾಸ್ತಿ. ಮತ್ತೆ ಪಾಸಾಗುವುದು ಸುಲಭ ಅಂತ ನಾನು ಹೇಳುವುದಿಲ್ಲ. ಆದರೆ ಆ ಬಾಗಿಲು ಇವತ್ತೇ ಮುಚ್ಚುವುದಿಲ್ಲ.

ಪಿಂಚಣಿಯ ಬಗ್ಗೆಯೂ ಒಂದು ಮಾತು. ಮಾವನ ತಲೆಯಲ್ಲಿರುವುದು ನನ್ನಂಥವರ ಪಿಂಚಣಿ. 2010ರ ಏಪ್ರಿಲ್ ನಂತರ ಬ್ಯಾಂಕಿಗೆ ಸೇರಿದವರಿಗೆ ಅದಿಲ್ಲ, ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಇದೆ. ನಿನ್ನ ಸಂಬಳದ ಪಾಲು, ಬ್ಯಾಂಕಿನ ಪಾಲು ಸೇರಿ ಮಾರುಕಟ್ಟೆಯಲ್ಲಿ ಬೆಳೆಯುವ ದುಡ್ಡು ಅದು. ಮೇಳದವನಿಗೆ ಬ್ಯಾಂಕಿನ ಪಾಲು ಸಿಗುವುದಿಲ್ಲ. ಆದರೆ ಸುಮ್ನೆ ಕೂರಬೇಕಾಗಿಯೂ ಇಲ್ಲ. ಅಂಚೆ ಕಚೇರಿಗೆ ಹೋಗಿ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಖಾತೆ ತೆರೆ. ವರ್ಷಕ್ಕೆ ಕನಿಷ್ಠ 500 ರೂಪಾಯಿ, 15 ವರ್ಷ. ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆ ಇದೆ, 2 ಲಕ್ಷದ್ದು. ಅದನ್ನು ಮೊದಲ ದಿನವೇ ಮಾಡಿಸು. ಉಡುಪಿಯ ಯಕ್ಷಗಾನ ಕಲಾರಂಗ, ಮಂಗಳೂರಿನ ಯಕ್ಷಧ್ರುವ ಪಟ್ಲ ಫೌಂಡೇಶನ್ ಕಲಾವಿದರಿಗೆ ನೆರವಾಗುತ್ತಿವೆ. ಹೋಗಿ ಪರಿಚಯ ಮಾಡಿಕೋ.

ವಿಮೆಯ ಮಾತು ಯಾಕೆ ಒತ್ತಿ ಹೇಳುತ್ತಿದ್ದೇನೆ ಗೊತ್ತಾ? ಅದೇ ಕಾಳಿಂಗ ನಾವಡರನ್ನು 1990ರಲ್ಲಿ ನಾವು ರಸ್ತೆ ಅಪಘಾತದಲ್ಲಿ ಕಳೆದುಕೊಂಡೆವು. ಆ ದಿನ ನಾನು ಕೌಂಟರ್ ಮುಚ್ಚಿ ಒಳಗೆ ಹೋಗಿ ಅತ್ತಿದ್ದೆ. ಆಟ ಮುಗಿಸಿ, ನಿದ್ದೆಗಣ್ಣಿನಲ್ಲಿ ಬೈಕ್ ಹತ್ತಿ ಮನೆಗೆ ಹೊರಡುವ ಹುಡುಗರನ್ನು ಕಂಡರೆ ಈಗಲೂ ನನಗೆ ಹೊಟ್ಟೆ ತಳಮಳಿಸುತ್ತದೆ. ಮೇಳಕ್ಕೆ ಹೋದರೆ ಮೇಳದ ಬಸ್ಸಿನಲ್ಲೇ ಓಡಾಡು. ಇಲ್ಲವಾದರೆ ಚೌಕಿಯಲ್ಲೇ ಎರಡು ಗಂಟೆ ಮಲಗಿ ಎದ್ದು ಹೋಗು. ಇದನ್ನು ಮಾತ್ರ ನನಗೋಸ್ಕರ ಪಾಲಿಸು.

ಇಷ್ಟೆಲ್ಲ ಆದ ಮೇಲೆ ನನ್ನ ಅಭಿಪ್ರಾಯ: ಮೇಳಕ್ಕೆ ಹೋಗು. ಎರಡು ತಿರುಗಾಟ. ಅಲ್ಲಿಗೆ ನಿನಗೆ 25. ಹೋಗುವ ಮುಂಚೆ ಯಜಮಾನರ ಹತ್ತಿರ ಮುಂಗಡ ಕೇಳು. ಆ ಹಣದಲ್ಲಿ ವರ್ಷದ ಕಂತು 54,000ವನ್ನು ಸೊಸೈಟಿಗೆ ಮೊದಲೇ ಕಟ್ಟಿಬಿಡು. ಅಷ್ಟು ಮುಂಗಡ ಅವರು ಕೊಡದಿದ್ದರೆ ಈ ವರ್ಷ ಬ್ಯಾಂಕಿಗೆ ಹೋಗು. ಇದರಲ್ಲಿ ಸಂಕೋಚ ಬೇಡ. ಸಾಲ ಅಮ್ಮನ ತಲೆಯ ಮೇಲೆ ಬಿಟ್ಟು ಪದ ಹೇಳಿದರೆ ನಿನ್ನ ದನಿಯೇ ಏಳುವುದಿಲ್ಲ. ಎರಡನೇ ತಿರುಗಾಟ ಮುಗಿದಾಗ ನಿನ್ನ ಭಾಗವತರನ್ನು ನೇರವಾಗಿ ಕೇಳು: 'ನನಗೆ ಮುಂದಿನ ಜಾಗ ಸಿಗುತ್ತದಾ?' ಅವರು ಮಾತು ತೇಲಿಸಿದರೆ ಮತ್ತೆ ಪರೀಕ್ಷೆಗೆ ಕೂರು.

ಮೇಳದವರಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ, ಅದೂ ನಿನಗೆ ಗೊತ್ತಿರಲಿ. ನನ್ನ ಜೊತೆ ಆ ತಿರುಗಾಟದಲ್ಲಿದ್ದ ಒಬ್ಬರಿಗೆ ಮೂವತ್ತೆಂಟಕ್ಕೆ ಮದುವೆಯಾಯಿತು. ಚೆನ್ನಾಗಿಯೇ ಇದ್ದಾರೆ.

ಇನ್ನು ಅಮ್ಮ. ಅವರು ಏನೂ ಹೇಳುವುದಿಲ್ಲ ಎಂದು ಬರೆದಿದ್ದೀಯ. ಅವರಿಗೆ ನಿನ್ನ ಪರೀಕ್ಷೆಯ ಅಂಕ ಗೊತ್ತು, ಪದ ಗೊತ್ತಿಲ್ಲ. ಏನು ಹೇಳಬೇಕು ಪಾಪ? ಚೌತಿಗೆ ನಿಮ್ಮ ಕಡೆ ಎಲ್ಲಾದರೂ ಆಟ ಇದ್ದೇ ಇರುತ್ತದೆ. ಗುರುಗಳನ್ನು ಕೇಳಿ ಅರ್ಧ ಗಂಟೆಯಾದರೂ ಹೇಳಲು ಅವಕಾಶ ಮಾಡಿಸಿಕೋ. ಮಾರನೇ ದಿನದ ಕೆಲಸಕ್ಕೆ ಅಮ್ಮನಿಂದ ರಜೆ ಹಾಕಿಸು. ತಂಗಿಯ ಜೊತೆ ಹಿಮ್ಮೇಳಕ್ಕೆ ಹತ್ತಿರದ ಕುರ್ಚಿಯಲ್ಲಿ ಕೂರಿಸು. ಬೆಳಿಗ್ಗೆ ಮನೆಗೆ ನಡೆಯುವಾಗ ಕೇಳು. ಅವರು ಏನಂದರು ಅಂತ ನನಗೆ ಬರೆ.